ಪಾದಯಾತ್ರೆ ಮತ್ತು ಮಂಡಿನೋವು (ಕೋಲಾರ ಸೀಮೆ)

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಿಂದ ಹರಕೆ ಹೊತ್ತು ತಿರುಪತಿಗೆ ನಡೆದು ಹೋಗುವವರನ್ನು, ಹೊರಡುವ ಮುನ್ನ ಅಭ್ಯಾಸದಲ್ಲೂ ಅನಂತರ ದಾರಿಯಲ್ಲೂ ಕಾಡುವ ತೊಂದರೆ. ಕೋಲಾರದಿಂದ ತಿರುಪತಿಗೆ ಸುಮಾರು 180 ಕಿ.ಮೀ. ಮುಳಬಾಗಿಲು, ನಂಗಲಿ, ಪಲಮನೇರು, ಚಿತ್ತೂರಿನ ಮೇಲೆ ಹೋಗುವುದು ಒಂದು ದಾರಿ. ಶ್ರೀನಿವಾಸಪುರದ ಕಡೆಯವರಿಗೆ ಮದನಪಲ್ಲಿ, ಪೀಲೇರಿನ ದಾರಿಯೂ ಇದೆ. ಎರಡೂ ಎತ್ತರದ ಬಯಲಿನಿಂದ ಕೆಳಕ್ಕಿಳಿಯುವ ದಾರಿಗಳೇ: ಒಂದರಲ್ಲಿ ಮೊಗಿಲಿ ಘಾಟಿ, ಇನ್ನೊಂದರಲ್ಲಿ ಭಾಕರಾಪೇಟೆ ಘಾಟಿ. ಕೊನೆಗೆ ಅಲಿಪಿರಿಯಿಂದ ಬೆಟ್ಟಕ್ಕೆ 3550 ಮೆಟ್ಟಿಲು.

ಹತ್ತುವಾಗ ಏದುಸಿರು ಬರುತ್ತದೆ, ಮಂಡಿ ನೋಯುವುದು ಇಳಿಯುವಾಗ. ಸಮನೆಲದಲ್ಲಿ ಹೆಜ್ಜೆಯಿಟ್ಟಾಗ ಮೊಣಕಾಲ ಕೀಲಿನ ಮೇಲೆ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತದೆ. ಮೆಟ್ಟಿಲಿಳಿಯುವಾಗ ಅದು ಮೂರೂವರೆ ಪಟ್ಟಿನ ಹತ್ತಿರ ಹೋಗುತ್ತದೆ. ಈ ಭಾರವನ್ನು ತಡೆಯಬೇಕಾದದ್ದು ತೊಡೆಯ ಮುಂಭಾಗದ ಸ್ನಾಯು. ಅದು ಬಲವಾಗಿಲ್ಲದಿದ್ದರೆ ಮಂಡಿಚಿಪ್ಪಿನ ಹಿಂದೆ ನೋವು ಏಳುತ್ತದೆ. ಆದ್ದರಿಂದ ಎರಡು ಮೂರು ತಿಂಗಳ ಮುಂಚೆಯೇ ನಡಿಗೆ ಆರಂಭಿಸಿ, ವಾರವಾರಕ್ಕೆ ಸ್ವಲ್ಪ ಸ್ವಲ್ಪವೇ ದೂರ ಹೆಚ್ಚಿಸಬೇಕು. ಕೋಲಾರದವರಿಗೆ ಅಂತರಗಂಗೆ ಬೆಟ್ಟದ ಮೆಟ್ಟಿಲು ಒಳ್ಳೆಯ ಅಭ್ಯಾಸದ ಜಾಗ, ಆದರೆ ಇಳಿಯುವಾಗ ಓಡಬಾರದು. ಹೊಸ ಚಪ್ಪಲಿಯಲ್ಲಿ ಯಾತ್ರೆಗೆ ಹೊರಡಬಾರದು. ನೋವಿನ ಮಾತ್ರೆ ನುಂಗಿ, ನೀರು ಕುಡಿಯದೆ ಬಿಸಿಲಲ್ಲಿ ನಡೆಯುವುದು ಮೂತ್ರಪಿಂಡಕ್ಕೆ ಅಪಾಯ.

ಇಷ್ಟು ಯಾವ ಊರಿನವರಿಗೂ ಹೇಳಬಹುದಾದದ್ದು. ಕೋಲಾರ ಸೀಮೆಗೆ ಬೇರೆಯೇ ಒಂದು ಮಾತು ಉಂಟು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆ ದಶಕಗಳಿಂದ ಬೋರ್‌ವೆಲ್ ನೀರನ್ನೇ ನಂಬಿದೆ. ಗ್ರಾನೈಟ್ ಬಂಡೆಯ ಆಳದಿಂದ ಬರುವ ಆ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಮಿತಿ ಮೀರಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚಿನದನ್ನು ವರ್ಷಾನುಗಟ್ಟಲೆ ಕುಡಿದರೆ ಫ್ಲೋರೈಡ್ ಮೂಳೆಯಲ್ಲಿ ಸೇರಿಕೊಳ್ಳುತ್ತದೆ, ಕೀಲುಗಳು ಬಿಗಿಯುತ್ತವೆ, ಸ್ನಾಯುಬಂಧಗಳು ಗಡಸಾಗುತ್ತವೆ. ಭಾರತದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಫ್ಲೋರೈಡ್ ಪೀಡಿತ ಪ್ರದೇಶದ ಎಳೆಯರಲ್ಲಿ ಮಂಡಿಗಳು ಒಳಕ್ಕೆ ಬಾಗುವುದನ್ನು 1973ರಲ್ಲಿ ಹೈದರಾಬಾದಿನ ಸಂಶೋಧಕರು ದಾಖಲಿಸಿದರು.

ಅಭ್ಯಾಸದ ನೋವಿಗೂ ಫ್ಲೋರೈಡಿನ ನೋವಿಗೂ ವ್ಯತ್ಯಾಸವಿದೆ. ನಡೆದು ಬಂದ ಮಂಡಿನೋವು ಕೆಲವು ದಿನ ವಿಶ್ರಾಂತಿ ಕೊಟ್ಟರೆ, ಐಸ್ ಇಟ್ಟರೆ ಇಳಿಯುತ್ತದೆ. ಫ್ಲೋರೈಡಿನದು ಎರಡೂ ಮಂಡಿಗಳಲ್ಲಿ, ಜೊತೆಗೆ ಸೊಂಟ, ಕತ್ತುಗಳಲ್ಲೂ ಬಿಗಿತವಾಗಿ ಉಳಿಯುತ್ತದೆ. ಬಾಲ್ಯದಿಂದ ಹಲ್ಲಿನ ಮೇಲೆ ಕಂದು ಕರೆಯಿದ್ದರೆ ಅನುಮಾನ ಇನ್ನೂ ಬಲವಾಗುತ್ತದೆ. ನಲವತ್ತಕ್ಕೇ ಕೂತು ಏಳಲಾಗದವರನ್ನು ‘ವಯಸ್ಸಾಯಿತು’ ಎಂದು ಸುಮ್ಮನಾಗಿಸುವುದು ಅನ್ಯಾಯ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಆರ್‌ಒ ಘಟಕದ ನೀರು ಅಥವಾ ಶುದ್ಧವಾಗಿ ಹಿಡಿದಿಟ್ಟ ಮಳೆನೀರು ಮೇಲು.

ಮಂಡಿ ಊದಿ ಬಿಸಿಯಾದರೆ, ಮಡಚಲಾಗದೆ ಸಿಕ್ಕಿಕೊಂಡರೆ ನಡಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಬಿಗಿತ ಹಳೆಯದಾಗಿದ್ದರೆ ಹರಕೆ ಕಟ್ಟಿಕೊಳ್ಳುವ ಮೊದಲೇ ಎಕ್ಸ್‌ರೇ ತೆಗೆಸಿ, ಮನೆಯಲ್ಲಿ ಕುಡಿಯುವ ನೀರನ್ನೂ ಪರೀಕ್ಷೆಗೆ ಕೊಡಿ.