ಗಣಿನಾಡಿನ ದೇವಾಲಯಗಳು: ಟ್ರೂರೋದಿಂದ ಕೋಲಾರದವರೆಗೆ

ಶತಮಾನೋತ್ಸವವನ್ನು ಆಚರಿಸುವ ಧರ್ಮಕೇಂದ್ರವು ತನ್ನ ಕಟ್ಟಡದ ಚರಿತ್ರೆಯೊಡನೆ ತನ್ನ ಮಕ್ಕಳು ಎಲ್ಲೆಲ್ಲಿಂದ ಬಂದು ಸೇರಿದರೆಂಬುದನ್ನೂ ಸ್ಮರಿಸುವುದು ಯುಕ್ತವಾದುದು. ವೈಟ್‌ಫೀಲ್ಡ್ ಮತ್ತು ಕೃಷ್ಣರಾಜಪುರದ ಸೀಮೆಯಲ್ಲಿ ಭಾನುವಾರದ ಬಲಿಪೂಜೆಗೆ ನೆರೆಯುವ ಭಕ್ತಾದಿಗಳ ನಡುವೆ ಕೋಲಾರ ಚಿನ್ನದ ಗಣಿಯ ಮನೆತನದವರೂ ಇದ್ದಾರೆ. ಅವರ ಹಿರಿಯರು ಮೊಣಕಾಲೂರಿ ಪ್ರಾರ್ಥಿಸಿದ ದೇವಾಲಯಗಳ ಚರಿತ್ರೆಯನ್ನು ತಿಳಿಯಬೇಕಾದರೆ ಒಮ್ಮೆ ಸಮುದ್ರದಾಚೆಗೂ ದೃಷ್ಟಿ ಹಾಯಿಸಬೇಕಾಗುತ್ತದೆ.

ಇಂಗ್ಲೆಂಡಿನ ನೈರುತ್ಯ ತುದಿಯಲ್ಲಿರುವ ಕಾರ್ನ್‌ವಾಲ್ ಪ್ರಾಂತವು ಶತಮಾನಗಳ ಕಾಲ ತವರ ಮತ್ತು ತಾಮ್ರದ ಗಣಿಗಳಿಗೆ ಹೆಸರಾಗಿತ್ತು. ಅಲ್ಲಿನ ಟ್ರೂರೋ ಪಟ್ಟಣದಲ್ಲಿ ತವರವನ್ನು ಪರೀಕ್ಷಿಸಿ, ಮುದ್ರೆಯೊತ್ತಿ, ಸುಂಕ ವಸೂಲು ಮಾಡುವ ಪದ್ಧತಿ 1838ರವರೆಗೂ ನಡೆದು ಬಂದಿತು. 1860ರ ದಶಕದಲ್ಲಿ ತಾಮ್ರದ ಬೆಲೆ ಕುಸಿಯಿತು. 1870ರ ದಶಕದಲ್ಲಿ ತವರದ ಗಣಿಗಳಿಗೂ ಕಷ್ಟಕಾಲ ಬಂದಿತು. ಸಹಸ್ರಾರು ಗಣಿಗಾರರು ಹೆಂಡಿರು ಮಕ್ಕಳನ್ನು ಬಿಟ್ಟು ದೂರದೇಶಗಳಿಗೆ ಹೊರಟರು. ಆಶ್ಚರ್ಯದ ಸಂಗತಿಯೆಂದರೆ, ಇಂತಹ ಕಾಲದಲ್ಲಿಯೇ ಆ ಪ್ರಾಂತಕ್ಕೊಂದು ಪ್ರಧಾನಾಲಯ ದೊರೆಯಿತು.

ಧರ್ಮಾಧ್ಯಕ್ಷರ ಪೀಠವಿರುವ ದೇವಾಲಯಕ್ಕೆ ಪ್ರಧಾನಾಲಯ, ಅಂದರೆ ಕೆಥೆಡ್ರಲ್, ಎಂದು ಹೆಸರು. 1876ರಲ್ಲಿ ಟ್ರೂರೋ ಆಂಗ್ಲಿಕನ್ ಸಭೆಯ ಧರ್ಮಪ್ರಾಂತವಾಯಿತು. ಎಡ್ವರ್ಡ್ ವೈಟ್ ಬೆನ್ಸನ್ ಅದರ ಪ್ರಥಮ ಧರ್ಮಾಧ್ಯಕ್ಷರಾದರು. 1880ರ ಮೇ ತಿಂಗಳಲ್ಲಿ ಪ್ರಧಾನಾಲಯಕ್ಕೆ ಅಸ್ತಿಭಾರವನ್ನಿಡಲಾಯಿತು. ಶಿಲ್ಪಿ ಜಾನ್ ಲಾಫ್‌ಬರೋ ಪಿಯರ್ಸನ್ ಅವರು ಊರಿನ ಹಳೆಯ ಸಂತ ಮರಿಯಮ್ಮನವರ ದೇವಾಲಯದ ಒಂದು ಪಾರ್ಶ್ವವನ್ನು ಕೆಡವದೆ, ಹೊಸ ಕಟ್ಟಡದೊಳಗೆ ಸೇರಿಸಿಕೊಂಡರು. ಕಟ್ಟಡವು ಪೂರ್ಣಗೊಂಡುದು 1910ರಲ್ಲಿ. ಅದಕ್ಕೆ ಬಹು ಮೊದಲೇ, 1880ರ ಕ್ರಿಸ್ಮಸ್ ಹಿಂದಿನ ರಾತ್ರಿ, ತಾತ್ಕಾಲಿಕವಾದ ಒಂದು ಮರದ ಚಾವಡಿಯಲ್ಲಿ ಬೆನ್ಸನ್ ಅವರು ಒಂಬತ್ತು ವಾಚನಗಳು ಮತ್ತು ಕ್ಯಾರಲ್ ಗೀತೆಗಳ ಆರಾಧನೆಯನ್ನು ನಡೆಸಿದರು. ಇಂದು ಜಗತ್ತಿನ ನಾನಾ ಕಡೆಗಳಲ್ಲಿ ಕ್ರಿಸ್ಮಸ್ ಕಾಲದಲ್ಲಿ ನಡೆಯುವ ಆ ಬಗೆಯ ಆರಾಧನೆಗೆ ಬಡಗಣಿಗಾರರ ಸೀಮೆಯ ಆ ಮರದ ಚಾವಡಿಯೇ ಪ್ರೇರಣೆ.

ಅದೇ 1880ರ ಸುಮಾರಿಗೆ ಕಾರ್ನ್‌ವಾಲಿನ ಗಣಿಗಳಲ್ಲಿ ಪಳಗಿದ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಸಂಸ್ಥೆ ನಮ್ಮ ಮೈಸೂರು ಸಂಸ್ಥಾನದ ಕೋಲಾರಕ್ಕೆ ಕಾಲಿಟ್ಟಿತು. ಇಲ್ಲಿ ಚಿನ್ನವಿದೆಯೆಂಬುದನ್ನು 1802ರಲ್ಲಿಯೇ ಲೆಫ್ಟಿನೆಂಟ್ ಜಾನ್ ವಾರನ್ ಕಂಡಿದ್ದರು. ಐರ್ಲೆಂಡಿನ ಮೈಕೆಲ್ ಲವೆಲ್ ಎಂಬ ನಿವೃತ್ತ ಸೈನಿಕರು 1875ರಲ್ಲಿ ಸಂಸ್ಥಾನದ ಸರ್ಕಾರದಿಂದ ಗಣಿಗಾರಿಕೆಯ ಹಕ್ಕನ್ನು ಪಡೆದಿದ್ದರು. ಟೇಲರ್ ಸಂಸ್ಥೆಯ ಆಡಳಿತದಲ್ಲಿ ಊರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ ಮೊದಲಾದ ಊರುಗಳು ಬೆಳೆದವು. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು ಬಂದಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿಯ ಮೂಲಕ ವಿದ್ಯುತ್ತು ಹರಿದು ಬಂದಿತು.

ಗಣಿಯೊಡನೆ ಪ್ರಾರ್ಥನೆಯೂ ಬಂದಿತು. ಕಾರ್ನ್‌ವಾಲಿನ ಗಣಿಗಾರರಲ್ಲಿ ಮೆಥಡಿಸ್ಟರು ಬಹಳ. ಆಂಗ್ಲಿಕನ್ ಸಭೆಯ ಐರೋಪ್ಯರು ಮತ್ತು ಆಂಗ್ಲೋ ಇಂಡಿಯನ್ನರು ಊರಿಗಾಂನಲ್ಲಿ ಸಂತ ಮಿಖಾಯೇಲ್ ಮತ್ತು ಸಮಸ್ತ ದೇವದೂತರ ದೇವಾಲಯವನ್ನು ಹೊಂದಿದ್ದರು. ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಗಳಿಂದ ಬಂದ ತಮಿಳು ಮತ್ತು ತೆಲುಗು ಕೂಲಿಕಾರರಲ್ಲಿ ಕಥೋಲಿಕರು ಅನೇಕರಿದ್ದರು. ಇಟಲಿಯ ಕೆಲಸಗಾರರೂ ಇದ್ದರು. ಚಾಂಪಿಯನ್ ರೀಫಿನ ವಿಜಯ ಮಾತೆಯ ದೇವಾಲಯ ಅವರೆಲ್ಲರಿಗೂ ತಾಯಿಮನೆಯಾಯಿತು. ಅಂದಿಗೆ ಅದು ಪ್ಯಾರಿಸ್ ಮಿಷನ್ ಗುರುಗಳು ಸೇವೆ ಸಲ್ಲಿಸುತ್ತಿದ್ದ ಮೈಸೂರು ಧರ್ಮಪ್ರಾಂತದ ಸೀಮೆ. 1940ರಲ್ಲಿ ಬೆಂಗಳೂರು ಪ್ರತ್ಯೇಕ ಧರ್ಮಪ್ರಾಂತವಾದಾಗ ಗಣಿನಾಡು ಅದರ ಮಡಿಲಿಗೆ ಬಂದಿತು.

ಆ ನಾಡಿನಲ್ಲಿ ಮೇಲು ಕೀಳು ಬಹಳವಿತ್ತೆಂಬುದನ್ನು ಮರೆಮಾಚಲಾಗದು. ಅಧಿಕಾರಿಗಳಿಗೆ ತೋಟಗಳ ನಡುವಣ ಬಂಗಲೆಗಳು. ಕೂಲಿಕಾರರಿಗೆ ಸಾಲುಸಾಲಾದ ಇಕ್ಕಟ್ಟಿನ ಲೈನು ಮನೆಗಳು. ಆದರೆ ಮೂರು ಕಿಲೋಮೀಟರಿಗೂ ಮೀರಿದ ಆಳದಲ್ಲಿ, ‘ಏರ್‌ಬ್ಲಾಸ್ಟ್’ ಎಂದು ಕರೆಯಲಾಗುತ್ತಿದ್ದ ಅವಘಡದಲ್ಲಿ ಬಂಡೆ ಸಿಡಿದಾಗ, ಅದು ಬಂಗಲೆಯವನೋ ಲೈನಿನವನೋ ಎಂದು ನೋಡಲಿಲ್ಲ. ಕೆಳಗಿಳಿದವನು ಮೇಲೆ ಬರುವನೋ ಇಲ್ಲವೋ ಎಂಬ ಭಯವೇ ಆ ಊರಿನ ಹೆಂಗಸರ ಜಪಮಾಲೆಗೆ ಬಲವನ್ನು ಕೊಟ್ಟಿತೆಂದರೆ ತಪ್ಪಾಗದು.

ಕೋಲಾರದ ಗಣಿನಾಡಿನಲ್ಲಿ ಧರ್ಮಾಧ್ಯಕ್ಷರ ಪೀಠ ಸ್ಥಾಪಿತವಾಗಲಿಲ್ಲ. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನರು, ಮೆಥಡಿಸ್ಟರು ಮತ್ತು ದಕ್ಷಿಣ ಭಾರತ ಐಕ್ಯ ಸಭೆಯವರು ಕೂಡಿ ದಕ್ಷಿಣ ಭಾರತ ಸಭೆಯನ್ನು ರಚಿಸಿದರು. ಕಾರ್ನ್‌ವಾಲಿನಲ್ಲಿ ಬೇರೆ ಬೇರೆಯಾಗಿದ್ದವರು ಇಲ್ಲಿ ಒಂದೇ ಧರ್ಮಾಧ್ಯಕ್ಷರ ಕೆಳಗೆ ಬಂದರು. ಇಂದು ಅವರ ಪ್ರಧಾನಾಲಯ ಬೆಂಗಳೂರಿನ ಸಂತ ಮಾರ್ಕರ ಕೆಥೆಡ್ರಲ್. ನಮ್ಮದು ಸಂತ ಫ್ರಾನ್ಸಿಸ್ ಝೇವಿಯರ್ ಅವರ ಪ್ರಧಾನಾಲಯ. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಲತೀನಿನ ಬಲಿಪೂಜೆ ಜನರ ಭಾಷೆಗಳಿಗೆ ಇಳಿದು ಬಂದಾಗ, ಲೈನು ಮನೆಯವರು ತಮ್ಮ ಮಾತಿನಲ್ಲಿಯೇ ಪೀಠದ ಮುಂದೆ ಉತ್ತರ ಕೊಡುವಂತಾಯಿತು.

1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೂ, 1962ರಲ್ಲಿ ಕೇಂದ್ರ ಸರ್ಕಾರಕ್ಕೂ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಅಸ್ತಿತ್ವಕ್ಕೆ ಬಂದಿತು. ಒಟ್ಟು ಸುಮಾರು 800 ಟನ್ ಚಿನ್ನವನ್ನು ಕೊಟ್ಟ ಗಣಿಗಳನ್ನು 2001ರ ಫೆಬ್ರವರಿ 28ರಂದು ಮುಚ್ಚಲಾಯಿತು. ಕಾರ್ನ್‌ವಾಲಿನ ಕೊನೆಯ ತವರದ ಗಣಿ ಸೌತ್ ಕ್ರಾಫ್ಟಿ ಮುಚ್ಚಿದ್ದು ಅದಕ್ಕೆ ಮೂರು ವರ್ಷಗಳ ಮೊದಲು, 1998ರಲ್ಲಿ. ಎರಡು ಕಡೆಯೂ ಯಂತ್ರಗಳ ಸದ್ದು ಅಡಗಿತು. ಎರಡು ಕಡೆಯೂ ದೇವಾಲಯಗಳ ಗಂಟೆ ಉಳಿಯಿತು. ಕೋಲಾರದಲ್ಲಿ ಸಯನೈಡ್ ದಿಬ್ಬಗಳು ಮತ್ತು ಕೆಲಸವಿಲ್ಲದ ಕೈಗಳು ಉಳಿದವು.

ಆ ಕೈಗಳೇ ಇಂದು ನಮ್ಮ ಸೀಮೆಯನ್ನು ಕಟ್ಟುತ್ತಿವೆ. ಮಾರಿಕುಪ್ಪಂನಿಂದ ಮುಂಜಾನೆ ಹೊರಡುವ ರೈಲುಗಳಲ್ಲಿ ಸಾವಿರಾರು ಮಂದಿ ಬಂಗಾರಪೇಟೆ, ಮಾಲೂರು ದಾಟಿ ವೈಟ್‌ಫೀಲ್ಡ್, ಕೃಷ್ಣರಾಜಪುರ, ಬೆಂಗಳೂರುಗಳಲ್ಲಿ ಇಳಿದು ದುಡಿದು ರಾತ್ರಿ ಹಿಂದಿರುಗುತ್ತಾರೆ. ವೈಟ್‌ಫೀಲ್ಡ್ ಸಹ ವಲಸೆಯ ಮಗುವೇ. 1882ರಲ್ಲಿ ಡೇವಿಡ್ ಎಮ್ಯಾನುಯೆಲ್ ಸ್ಟಾರ್ಕನ್‌ಬರ್ಗ್ ವೈಟ್ ಅವರು ಆಂಗ್ಲೋ ಇಂಡಿಯನ್ನರಿಗಾಗಿ ನೆಲೆಗೊಳಿಸಿದ ಬೇಸಾಯದ ವಸಾಹತು ಇದು. 1990ರ ದಶಕದಿಂದೀಚೆಗೆ ತಂತ್ರಜ್ಞಾನದ ಸೌಧಗಳು ಇಲ್ಲಿ ಎದ್ದಿವೆ. ಅಂದಿನವರಿಗೆ ಗಣಿಯು ಎಂದೆಂದಿಗೂ ಇರುವುದೆಂದು ತೋರಿದಂತೆ ನಮಗೆ ಈ ಸೌಧಗಳು ತೋರುತ್ತಿವೆ.

ಪ್ರಿಯ ಭಕ್ತಾದಿಗಳೇ, ಊರಿನ ಸಂಪತ್ತನ್ನು ನೆಚ್ಚಿ ನಿಂತ ಸಭೆ ಆ ಸಂಪತ್ತಿನೊಡನೆಯೇ ಕರಗುವುದು. ಟ್ರೂರೋದವರು ಗಣಿಗಳು ಸೊರಗಿದಾಗ ಪ್ರಧಾನಾಲಯವನ್ನು ಕಟ್ಟಿದರು. ಕೋಲಾರದವರು ಗಣಿ ಮುಚ್ಚಿದ ಮೇಲೂ ದೇವಾಲಯದ ದೀಪವನ್ನು ಆರಗೊಡಲಿಲ್ಲ. ಶತಮಾನೋತ್ಸವದ ಈ ಸಂದರ್ಭದಲ್ಲಿ ನಾವು ಮಾಡಬೇಕಾದುದು ಸರಳ. ರೈಲಿನಿಂದ ಇಳಿದು ಬರುವ ಗಣಿನಾಡಿನವರನ್ನು ‘ಹೊರಗಿನವರು’ ಎಂದೆಣಿಸದೆ ಪಂಕ್ತಿಯಲ್ಲಿ ಜಾಗ ಬಿಡೋಣ. ಟ್ರೂರೋದ ಶಿಲ್ಪಿ ಹಳೆಯ ಗೋಡೆಯನ್ನು ಹೊಸ ಆಲಯಕ್ಕೆ ಸೇರಿಸಿಕೊಂಡಂತೆ, ಅವರ ವಿಶ್ವಾಸವನ್ನು ನಮ್ಮದರೊಡನೆ ಸೇರಿಸಿಕೊಳ್ಳೋಣ. ಮುಂದಿನ ನೂರು ವರ್ಷಗಳಿಗೆ ಇದಕ್ಕಿಂತ ಗಟ್ಟಿಯಾದ ಅಸ್ತಿಭಾರವಿಲ್ಲ. ಮಾತೆ ಮರಿಯಮ್ಮನವರು ಈ ಕಾರ್ಯದಲ್ಲಿ ನಮಗೆ ನೆರವಾಗಲಿ.