ಫ್ಲಶ್ಶಿನ ಲೀಟರ್ ಲೆಕ್ಕ

ನಮ್ಮ ಅಂಗಡಿಗೆ ಕಮೋಡ್ ನೋಡಲು ಬರುವವರು ಮೊದಲೆಲ್ಲ ಬಣ್ಣ ಕೇಳುತ್ತಿದ್ದರು. ಬೆಂಗಳೂರಿನ ಜನ 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಸಾಕಾದ ಮೇಲೆ, "ಫ್ಲಶ್ಶಿಗೆ ಎಷ್ಟು ಲೀಟರ್ ಹೋಗುತ್ತೆ?" ಅನ್ನುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಸುಮಾರು 100 ಕಿ.ಮೀ. ದೂರದಿಂದ ಪಂಪು ಹಾಕಿ ಎತ್ತಿ ತಂದ ಕಾವೇರಿ ನೀರು ಅದು. ಆದರೂ ನಾನು, "ಟ್ಯಾಂಕ್ ಆಮೇಲೆ ನೋಡೋಣ ಸಾರ್, ಮೊದಲು ಪ್ಯಾನ್ ನೋಡಿ" ಅನ್ನುತ್ತೇನೆ.

ಹಳೇ ಮನೆಗಳ ಕಕ್ಕಸಿನಲ್ಲಿ ತಲೆಯ ಮೇಲೆ ಬೀಡುಕಬ್ಬಿಣದ ತೊಟ್ಟಿ ಇರುತ್ತಿತ್ತು. ಸರಪಳಿ ಎಳೆದರೆ ಹತ್ತು ಲೀಟರಿಗೂ ಮೇಲೆ ನೀರು ದಡದಡ ಸುರಿಯುತ್ತಿತ್ತು. ಪ್ಯಾನ್ ಹೇಗಿದ್ದರೂ ನಡೆಯುತ್ತಿತ್ತು, ನೀರಿನ ರಭಸವೇ ಎಲ್ಲವನ್ನೂ ತಳ್ಳಿಕೊಂಡು ಹೋಗುತ್ತಿತ್ತು.

ರಭಸ ತಗ್ಗಿದರೆ ಏನಾಗುತ್ತದೆ ಅನ್ನುವುದು ಅಮೆರಿಕದವರಿಗೆ ಗೊತ್ತಾಯಿತು. ಅಲ್ಲಿ 1992ರ ಕಾಯ್ದೆಯ ಪ್ರಕಾರ 1994ರಿಂದ ಮನೆಗೆ ಬರುವ ಹೊಸ ಕಮೋಡ್ ಒಂದು ಫ್ಲಶ್ಶಿಗೆ 6 ಲೀಟರ್ ದಾಟುವಂತಿರಲಿಲ್ಲ. ಅದಕ್ಕೂ ಮುಂಚೆ 13 ಲೀಟರ್ ಮಾಮೂಲಿ. ಎಷ್ಟೋ ತಯಾರಕರು ಟ್ಯಾಂಕಿನ ನೀರು ಕಡಿಮೆ ಮಾಡಿದರು, ಪ್ಯಾನಿನ ತಂಟೆಗೆ ಹೋಗಲಿಲ್ಲ. ಜನ ಎರಡೆರಡು ಸಲ ಫ್ಲಶ್ ಮಾಡಿದರು. ಕೆನಡಾದಿಂದ ಹಳೇ ಮಾದರಿ ತರಿಸಿಕೊಂಡವರೂ ಇದ್ದರು. 2003ರ ಹೊತ್ತಿಗೆ ಸೋಯಾಬೀನ್ ಪೇಸ್ಟಿನ ಉಂಡೆ ಹಾಕಿ, ಒಂದು ಫ್ಲಶ್ಶಿಗೆ ಎಷ್ಟು ಗ್ರಾಂ ಹೋಗುತ್ತದೆ ಎಂದು ಅಳೆಯುವ ಪರೀಕ್ಷೆ ಬಂತು. ಆಮೇಲೆ ತಯಾರಕರ ಗಮನ ಪ್ಯಾನಿನ ಕಡೆ ತಿರುಗಿತು.

ಇವತ್ತು ನಾವು ಮಾರುವ ಎರಡು ಬಟನ್ನಿನ ಫ್ಲಶ್ ಬಂದದ್ದು ಆಸ್ಟ್ರೇಲಿಯಾದಿಂದ. ಕರೋಮಾ ಕಂಪನಿಯಲ್ಲಿದ್ದ ಬ್ರೂಸ್ ಥಾಂಪ್ಸನ್ 1980ರಲ್ಲಿ ಮಾಡಿದ್ದು. ಆಗ ದೊಡ್ಡ ಬಟನ್ನಿಗೆ 11 ಲೀಟರ್, ಚಿಕ್ಕದಕ್ಕೆ 5.5. ಅದನ್ನು 6 ಮತ್ತು 3 ಲೀಟರಿಗೆ ಇಳಿಸುವಾಗ ಅವರು ಪ್ಯಾನನ್ನೂ ಹೊಸದಾಗಿ ರೂಪಿಸಿದರು.

ಇಷ್ಟೆಲ್ಲದಕ್ಕೂ ಮುಂಚೆ, 1970ರಲ್ಲಿ, ಬಿಹಾರದ ಬಿಂದೇಶ್ವರ ಪಾಠಕ್ ಸುಲಭ್ ಸಂಸ್ಥೆ ಕಟ್ಟಿದರು. ಮಲ ಹೊರುವ ಪದ್ಧತಿ ತೊಲಗಿಸುವುದು ಅವರ ಹಟ. ಅದಕ್ಕಾಗಿ ಅವರು ಕಟ್ಟಿಸಿದ ಜೋಡಿ ಗುಂಡಿಯ ಕಕ್ಕಸಿಗೆ ಟ್ಯಾಂಕೇ ಬೇಕಿಲ್ಲ. ಪ್ಯಾನಿನ ಇಳಿಜಾರು 25ರಿಂದ 28 ಡಿಗ್ರಿ, ಕಡಿದು. ಕೆಳಗಿನ ಟ್ರಾಪಿನಲ್ಲಿ ವಾಸನೆ ತಡೆಯಲು ನಿಲ್ಲುವ ನೀರು 20 ಮಿಲಿಮೀಟರ್ ಮಾತ್ರ. ಅಷ್ಟು ತೆಳು ನೀರನ್ನು ದಾಟಿಸಲು ದೊಡ್ಡ ರಭಸ ಯಾಕೆ? ಒಂದು, ಒಂದೂವರೆ ಲೀಟರ್ ಹುಯ್ದರೆ ಆಯಿತು.

ಅದಕ್ಕೇ ಗಿರಾಕಿಗಳಿಗೆ ಹೇಳುವುದು: ಪ್ಯಾನಿನ ಇಳಿಜಾರು ನೋಡಿ, ಒಳಗಿನ ದಾರಿಗೂ ಗ್ಲೇಜ್ ಇದೆಯೇ ಎಂದು ಬೆರಳಾಡಿಸಿ ನೋಡಿ. ಎರಡು ಸಲ ಒತ್ತಬೇಕಾದ 4 ಲೀಟರಿನ ಕಮೋಡಿಗಿಂತ ಒಂದೇ ಸಲಕ್ಕೆ ಕೆಲಸ ಮುಗಿಸುವ 6 ಲೀಟರಿನದೇ ನೀರು ಉಳಿಸುತ್ತದೆ.