ನೆಟ್ಟ ಲೆಕ್ಕ, ಉಳಿದ ಲೆಕ್ಕ

ವರ್ಷವಿಡೀ ಎಷ್ಟು ಸರಕನ್ನು ತರಿಸಲಾಯಿತು ಎಂಬುದು ವರ್ತಕನ ಖರೀದಿ ಪುಸ್ತಕದಲ್ಲಿರುತ್ತದೆ. ಆದರೆ ವರ್ಷದ ಕೊನೆಯ ದಿನ ಗೋದಾಮಿನಲ್ಲಿ ನಿಂತು ಎಣಿಸಿದಾಗ ಉಳಿದಿರುವುದೇ ನಿಜವಾದ ದಾಸ್ತಾನು. ಮೊದಲನೆಯ ಲೆಕ್ಕವನ್ನಷ್ಟೇ ನೋಡಿ ಸಂತೋಷಪಡುವವನ ವ್ಯಾಪಾರ ಹೆಚ್ಚು ಕಾಲ ನಡೆಯದು. ಗಿಡ ನೆಡುವ ಕಾರ್ಯದಲ್ಲಿ ಮಾತ್ರ ಸಮಾಜವು ಬಹುಮಟ್ಟಿಗೆ ಮೊದಲನೆಯ ಲೆಕ್ಕದಲ್ಲಿಯೇ ತೃಪ್ತಿ ಪಡೆಯುತ್ತ ಬಂದಿದೆ. ಭಾರತದಲ್ಲಿ 1950ರಲ್ಲಿ ಕೇಂದ್ರ ಸಚಿವರಾಗಿದ್ದ ಕೆ.ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದರು. ಅಂದಿನಿಂದ ಮಳೆಗಾಲ ಬಂತೆಂದರೆ ನೆಟ್ಟ ಸಸಿಗಳ ಸಂಖ್ಯೆ ಪ್ರಕಟವಾಗುತ್ತದೆ; ಮರುವರ್ಷದ ಬೇಸಿಗೆಯನ್ನು ದಾಟಿ ಬದುಕಿದ ಸಸಿಗಳ ಸಂಖ್ಯೆಯನ್ನು ಕೇಳುವವರು ವಿರಳ.

ಈ ಎರಡನೆಯ ಲೆಕ್ಕವನ್ನೇ ಆಧಾರವಾಗಿಟ್ಟುಕೊಂಡು ಒಂದು ಮಹಾಕಾರ್ಯವನ್ನು ಕಟ್ಟಿದವರು ಪೂರ್ವ ಆಫ್ರಿಕಾದ ಕೀನ್ಯಾ ದೇಶದ ಹಳ್ಳಿಗಳ ಹೆಂಗಸರು. ಅವರನ್ನು ಸಂಘಟಿಸಿದವರು ವಂಗಾರಿ ಮಾಥಾಯ್. ‘ಗ್ರೀನ್ ಬೆಲ್ಟ್ ಮೂವ್‌ಮೆಂಟ್’, ಅಂದರೆ ಹಸಿರುಪಟ್ಟಿ ಚಳವಳಿ ಎಂದು ಅದು ಪ್ರಸಿದ್ಧವಾಯಿತು.

ವಂಗಾರಿಯವರು 1940ರ ಏಪ್ರಿಲ್ 1ರಂದು ನ್ಯೇರಿ ಪ್ರದೇಶದ ಒಂದು ಹಳ್ಳಿಯಲ್ಲಿ, ಕೃಷಿಕ ಕುಟುಂಬದಲ್ಲಿ ಜನಿಸಿದರು. ಮನೆಯ ಹತ್ತಿರ ಅತ್ತಿಯ ಜಾತಿಗೆ ಸೇರಿದ ಒಂದು ದೊಡ್ಡ ಮರವಿತ್ತು. ಅದು ದೇವರ ಮರ, ಅದರಿಂದ ಒಂದು ಪುರಳೆಯನ್ನೂ ತರಬಾರದು ಎಂದು ತಾಯಿ ಮಗಳಿಗೆ ಹೇಳಿಕೊಟ್ಟಿದ್ದರು. ಮರದ ಸಮೀಪದಲ್ಲಿ ಒಂದು ತೊರೆ ಹುಟ್ಟುತ್ತಿತ್ತು. ಬಾಲಕಿಯು ಅಲ್ಲಿ ನೀರು ತರುತ್ತ, ಕಪ್ಪೆಯ ಮೊಟ್ಟೆಗಳನ್ನು ಮಣಿಗಳೆಂದು ಭ್ರಮಿಸಿ ಎತ್ತಿಕೊಳ್ಳಲು ಯತ್ನಿಸುತ್ತ ಬೆಳೆದಳು. ಮುಂದೆ ಅಮೆರಿಕದಲ್ಲಿ ಜೀವವಿಜ್ಞಾನವನ್ನು ಕಲಿತು, 1971ರಲ್ಲಿ ನೈರೋಬಿ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಪೂರ್ವ ಮತ್ತು ಮಧ್ಯ ಆಫ್ರಿಕಾದಲ್ಲಿ ಆ ಪದವಿಯನ್ನು ಪಡೆದ ಮೊದಲ ಮಹಿಳೆ ಅವರು. ಆದರೆ ಊರಿಗೆ ಮರಳಿದಾಗ ಆ ಮರವಿರಲಿಲ್ಲ. ಹೊಸ ಒಡೆಯನು ಚಹಾ ಬೆಳೆಯಲೆಂದು ಅದನ್ನು ಕಡಿಸಿದ್ದನು. ತೊರೆಯೂ ಬತ್ತಿತ್ತು. ಮರದ ಬೇರು ನೆಲದೊಳಗಿನ ನೀರಿಗೆ ದಾರಿ ಮಾಡಿಕೊಡುತ್ತಿತ್ತೆಂಬುದು ವಿಜ್ಞಾನ ಕಲಿತ ಮಗಳಿಗೆ ಆಗ ತಿಳಿಯಿತು. ಆ ಕಾರಣವನ್ನು ಅರಿಯದ ತಾಯಿಯ ತಲೆಮಾರು ಮರವನ್ನು ಕಾಪಾಡಿತ್ತು; ಅರಿಯಬಲ್ಲ ತಲೆಮಾರು ಕಳೆದುಕೊಂಡಿತ್ತು.

1970ರ ದಶಕದ ಆರಂಭದಲ್ಲಿ ಜಾನುವಾರುಗಳ ಉಣ್ಣೆ ರೋಗದ ಸಂಶೋಧನೆಗಾಗಿ ಹಳ್ಳಿಗಳಲ್ಲಿ ಸಂಚರಿಸುವಾಗ ಅವರು ಬಡಕಲು ದನಗಳನ್ನೂ, ಮಳೆಬಂದಾಗ ಮಣ್ಣು ಹೊತ್ತು ಕೆಂಪಾಗಿ ಹರಿಯುವ ನದಿಗಳನ್ನೂ ಕಂಡರು. ಕೀನ್ಯಾದ ರಾಷ್ಟ್ರೀಯ ಮಹಿಳಾ ಮಂಡಳಿಯ ಸಭೆಗಳಲ್ಲಿ ಹಳ್ಳಿಯ ಹೆಂಗಸರು ತಮ್ಮ ಕಷ್ಟಗಳನ್ನು ಹೇಳಿಕೊಂಡರು: ಒಲೆಗೆ ಸೌದೆಯಿಲ್ಲ, ಕುಡಿಯಲು ಶುದ್ಧ ನೀರಿಲ್ಲ, ಮಕ್ಕಳಿಗೆ ಪುಷ್ಟಿಯಾದ ಆಹಾರವಿಲ್ಲ. ಬ್ರಿಟಿಷರ ಕಾಲದಿಂದಲೂ ಕಾಡು ಕಡಿದು ಚಹಾ, ಕಾಫಿಗಳನ್ನು ಬೆಳೆಸಲಾಗಿತ್ತು. ಸ್ವಾತಂತ್ರ್ಯಾನಂತರ ಸಣ್ಣ ಹಿಡುವಳಿದಾರರೂ ಹಣದಾಸೆಗೆ ಅದೇ ಹಾದಿ ಹಿಡಿದಿದ್ದರು. ಸೌದೆ ಸಾಲದ ಮನೆಗಳಲ್ಲಿ ಬಹಳ ಹೊತ್ತು ಬೇಯಬೇಕಾದ ಕಾಳುಗಳನ್ನು ಬಿಟ್ಟು ಬಿಳಿ ಬ್ರೆಡ್ಡಿನಂತಹ ಸಿದ್ಧ ಆಹಾರವನ್ನು ಕೊಡತೊಡಗಿದ್ದರಿಂದ ಮಕ್ಕಳ ಶರೀರ ಸೊರಗಿತ್ತು. ಈ ಎಲ್ಲ ತೊಂದರೆಗಳ ಹಿಂದೆ ಮರಗಳ ನಾಶವಿರುವುದರಿಂದ ಮರ ಬೆಳೆಸುವುದೇ ಪರಿಹಾರದ ಮೊದಲ ಹೆಜ್ಜೆಯೆಂದು ವಂಗಾರಿಯವರು ನಿಶ್ಚಯಿಸಿದರು.

ಮೊದಲ ಪ್ರಯತ್ನಗಳು ಸಫಲವಾಗಲಿಲ್ಲವೆಂಬುದನ್ನು ಇಲ್ಲಿ ಮುಚ್ಚಿಡಬೇಕಾಗಿಲ್ಲ. ನಿರುದ್ಯೋಗಿಗಳಿಗೆ ಕೆಲಸ ಕೊಡಲೆಂದು ಅವರು ಆರಂಭಿಸಿದ ಸಸಿಗಳ ಉದ್ಯಮವೊಂದು ಹಣ ಸಾಲದೆ ಮುಚ್ಚಿಹೋಯಿತು, ಸಸಿಗಳು ಒಣಗಿದವು. 1977ರ ಜೂನ್ 5ರ ವಿಶ್ವ ಪರಿಸರ ದಿನದಂದು ಮಹಿಳಾ ಮಂಡಳಿಯು ನೈರೋಬಿಯಲ್ಲಿ ಮೆರವಣಿಗೆ ನಡೆಸಿ, ದೇಶದ ಬೇರೆ ಬೇರೆ ಜನಾಂಗಗಳ ಹಿರಿಯರ ಸ್ಮರಣೆಗಾಗಿ 7 ಸಸಿಗಳನ್ನು ನೆಟ್ಟಿತು. ಹಸಿರುಪಟ್ಟಿ ಚಳವಳಿಯ ಆರಂಭವನ್ನು ಗುರುತಿಸುವುದು ಅಂದಿನಿಂದಲೇ. ಆದರೆ ಆ 7 ಸಸಿಗಳಲ್ಲಿಯೂ ಹೆಚ್ಚಿನವು ಉಳಿಯಲಿಲ್ಲ. ನೆಡುವ ದಿನದ ಉತ್ಸಾಹವು ಗಿಡವನ್ನು ಬದುಕಿಸದು, ನಿತ್ಯ ನೀರೆರೆಯುವ ಕೈ ಬೇಕು ಎಂಬ ಪಾಠ ಚಳವಳಿಗೆ ಹೀಗೆ ಆರಂಭದಲ್ಲಿಯೇ ದೊರೆಯಿತು. ಗಿಡದ ಹತ್ತಿರವೇ ವಾಸಿಸುವವರು, ಗಿಡದಿಂದ ಪ್ರಯೋಜನ ಪಡೆಯುವವರು ಅದನ್ನು ನೆಟ್ಟರೆ ಮಾತ್ರ ಅದು ಉಳಿಯುತ್ತದೆಂದು ಕಾರ್ಯವು ನಗರದಿಂದ ಹಳ್ಳಿಗಳಿಗೆ ಸಾಗಿತು.

ಸಸಿ ಬೇಕೆಂದು ಕೇಳಿದಾಗ ಅರಣ್ಯ ಇಲಾಖೆಯ ಮುಖ್ಯಾಧಿಕಾರಿಯು ನಕ್ಕು, ಎಷ್ಟು ಬೇಕಾದರೂ ಉಚಿತವಾಗಿ ಕೊಡುವುದಾಗಿ ಒಪ್ಪಿದರು. ಹೆಂಗಸರು ಎಷ್ಟು ತಾನೆ ನೆಟ್ಟಾರು ಎಂಬುದು ಅವರ ಎಣಿಕೆ. ಒಂದು ವರ್ಷ ತುಂಬುವುದರೊಳಗೆ ಬೇಡಿಕೆ ಬಹಳವಾಯಿತೆಂದು ಅವರು ಆ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ಹಾಗಾಗಿ ಹೆಂಗಸರು ತಾವೇ ಸಸಿ ಬೆಳೆಸಲು ಮುಂದಾದರು. ಕಲಿಸಲು ಬಂದ ಇಲಾಖೆಯವರು ನೆಲದ ಇಳಿಜಾರಿನ ಕೋನ, ಬಿಸಿಲಿನ ದಿಕ್ಕು, ಮಣ್ಣಿನ ಪದರ, ವಿಶೇಷ ಉಪಕರಣಗಳು ಎಂದು ಉಪನ್ಯಾಸ ಮಾಡಿದರು. ಕೇಳಿದವರಿಗೆ ದಿಗಿಲಾಯಿತು. ಹೊಲದಲ್ಲಿ ಜೋಳ, ಹುರುಳಿಕಾಯಿಗಳನ್ನು ತಲೆತಲಾಂತರದಿಂದ ಬಿತ್ತಿ ಬೆಳೆಯುತ್ತಿರುವವರು ಮರದ ಬೀಜವನ್ನೂ ಹಾಗೆಯೇ ಬಿತ್ತಬಹುದಲ್ಲವೇ ಎಂದು ವಂಗಾರಿಯವರು ಧೈರ್ಯ ತುಂಬಿದರು. ಹೆಂಗಸರು ಸುತ್ತಲಿನ ಮರಗಳಿಂದಲೇ ಬೀಜ ಆಯ್ದರು. ಒಡೆದ ಮಡಕೆಗಳಲ್ಲಿ ಮಣ್ಣು ತುಂಬಿ ಬಿತ್ತಿದರು. ಕೋಳಿ, ಆಡುಗಳಿಗೆ ನಿಲುಕದಂತೆ ಅವುಗಳನ್ನು ಎತ್ತರದಲ್ಲಿಟ್ಟು ಕಾದರು. ಪದವಿಯಿಲ್ಲದ ಅರಣ್ಯಾಧಿಕಾರಿಗಳೆಂದು ಅವರಿಗೆ ಹೆಸರಾಯಿತು.

ಒಂದು ಹಳ್ಳಿಯ ಗುಂಪು ಕಲಿತ ಮೇಲೆ ಪಕ್ಕದ ಹಳ್ಳಿಗೆ ಹೋಗಿ ಕಲಿಸಬೇಕೆಂಬುದು ಚಳವಳಿಯ ಪದ್ಧತಿಯಾಯಿತು. ಹೆಣ್ಣುಮಗಳೊಬ್ಬಳು ತನ್ನಂತಹ ಇನ್ನೊಬ್ಬಳ ಅಂಗಳದಲ್ಲಿ ಕುಳಿತು, ತನ್ನ ಮಾತಿನಲ್ಲಿ, ತನ್ನ ಕೈಯಿಂದ ಮಾಡಿ ತೋರಿಸಿದುದು ಬಹುಬೇಗ ಮನಸ್ಸಿಗೆ ಹತ್ತಿತು. ಸಾವಿರಕ್ಕೆ ಕಡಮೆಯಿಲ್ಲದಂತೆ ಸಾಲುಸಾಲಾಗಿ ಗಿಡ ನೆಟ್ಟು ನೆಲಕ್ಕೆ ಹಸಿರಿನ ಪಟ್ಟಿ ಕಟ್ಟಿದಂತೆ ಮಾಡುತ್ತಿದ್ದುದರಿಂದ ಚಳವಳಿಗೆ ಆ ಹೆಸರು ಬಂದಿತು.

ಇಲ್ಲಿಯೇ ಲೆಕ್ಕದ ಮಾತು ಬರುವುದು. ಹೆಂಗಸರಿಗೆ ಪ್ರತಿ ಸಸಿಗೆ ಅಮೆರಿಕದ 4 ಸೆಂಟುಗಳಷ್ಟು ಸಣ್ಣ ಪ್ರೋತ್ಸಾಹಧನವನ್ನು ಗೊತ್ತುಮಾಡಲಾಯಿತು. ಆದರೆ ಅದು ಬೀಜ ಬಿತ್ತಿದ್ದಕ್ಕಲ್ಲ, ಗುಣಿ ತೋಡಿ ನೆಟ್ಟಿದ್ದಕ್ಕೂ ಅಲ್ಲ. ನೆಟ್ಟ ಸಸಿ ಬದುಕಿ ಉಳಿದಿದ್ದಕ್ಕೆ. ಹೋಗಿ ನೋಡಿ, ಎಣಿಸಿ, ಬರೆದುಕೊಂಡ ಮೇಲೆಯೇ ಹಣ ಸಂದಾಯವಾಗುತ್ತಿತ್ತು. ಮೊತ್ತ ಚಿಕ್ಕದಾದರೂ ಕೈಯಲ್ಲಿ ಕಾಸಿಲ್ಲದ ಗೃಹಿಣಿಗೆ ಅದು ಸ್ವಂತ ದುಡಿಮೆಯ ಹಣ. ಅದಕ್ಕಿಂತ ಮುಖ್ಯವಾಗಿ, ಗಿಡದ ಜೀವಕ್ಕೂ ನೆಟ್ಟವರ ಹೊಣೆಗೂ ನೇರ ಸಂಬಂಧವೇರ್ಪಟ್ಟಿತು. ಸತ್ತ ಸಸಿಯನ್ನು ಲೆಕ್ಕಕ್ಕೆ ಸೇರಿಸಿ ಹಿಗ್ಗುವ ಅವಕಾಶವೇ ಅಲ್ಲಿರಲಿಲ್ಲ.

ಕಾಲಕ್ರಮದಲ್ಲಿ ಸಸಿಯೊಡನೆ ವಿಚಾರವನ್ನೂ ಬೆಳೆಸುವುದು ಅಗತ್ಯವೆಂದು ತೋರಿತು. ಚಳವಳಿಯು ನಡೆಸಿದ ಶಿಬಿರಗಳಲ್ಲಿ ಜನರು ತಮ್ಮ ಸಂಕಷ್ಟಗಳ ಪಟ್ಟಿಯನ್ನು ತಾವೇ ಮಾಡುತ್ತಿದ್ದರು. ಬಹುತೇಕ ಎಲ್ಲದಕ್ಕೂ ಸರ್ಕಾರವೇ ಕಾರಣವೆಂದು ಮೊದಲು ತೀರ್ಮಾನವಾಗುತ್ತಿತ್ತು. ಸರ್ಕಾರದ ದೋಷವನ್ನು ವಂಗಾರಿಯವರು ಎಂದೂ ಅಲ್ಲಗಳೆದವರಲ್ಲ. ಆದರೆ ಇಳಿಜಾರಿನ ಹೊಲಕ್ಕೆ ಬದು ಹಾಕದೆ ಮಣ್ಣನ್ನು ಕೊಚ್ಚಿಹೋಗಗೊಟ್ಟವರು ಯಾರು ಎಂಬ ಪ್ರಶ್ನೆಯೂ ಅಲ್ಲಿ ಏಳುತ್ತಿತ್ತು. ದಾರಿ ವಿಚಾರಿಸದೆ ತಪ್ಪು ಬಸ್ಸನ್ನು ಹತ್ತಿದ ಪ್ರಯಾಣಿಕನ ದೃಷ್ಟಾಂತವನ್ನು ಅವರು ಹೇಳುತ್ತಿದ್ದರು. ಅಂಥವನು ಬೇರೆಡೆ ಇಳಿದು ಪಡುವ ಪಾಡಿಗೆ ಬಸ್ಸಿನವರನ್ನಷ್ಟೇ ದೂರಿ ಫಲವೇನು?

ಹೀಗೆ ಪ್ರಶ್ನಿಸಲು ಕಲಿತ ಜನರು ಅಧಿಕಾರದಲ್ಲಿದ್ದವರನ್ನೂ ಪ್ರಶ್ನಿಸಿದರು. 1989ರಲ್ಲಿ ನೈರೋಬಿಯ ಉಹುರು ಉದ್ಯಾನದಲ್ಲಿ 60 ಅಂತಸ್ತುಗಳ ಕಟ್ಟಡವನ್ನು ನಿರ್ಮಿಸುವ ಯೋಜನೆಯನ್ನು ವಂಗಾರಿಯವರು ವಿರೋಧಿಸಿದಾಗ ಸಂಸತ್ತಿನಲ್ಲಿಯೇ ಅವರ ಅವಹೇಳನ ನಡೆಯಿತು. ಚಳವಳಿಯನ್ನು ಸರ್ಕಾರಿ ಕಚೇರಿಯಿಂದ ಹೊರಹಾಕಲಾಯಿತು. ಕೊನೆಗೆ ಯೋಜನೆಯೇ ಕೈಬಿಟ್ಟುಹೋಯಿತು. 1999ರ ಜನವರಿಯಲ್ಲಿ, ಖಾಸಗಿಯವರ ಪಾಲಾಗುತ್ತಿದ್ದ ಕರೂರ ಅರಣ್ಯದ ಬಳಿ ಒಂದು ಸಸಿಯನ್ನು ನೆಡಲು ಹೋದ ಅವರ ತಲೆಗೆ ಬಾಡಿಗೆಯ ಕಾವಲುಗಾರರು ಹೊಡೆದು ಗಾಯಗೊಳಿಸಿದರು. ಪೊಲೀಸ್ ಠಾಣೆಯಲ್ಲಿ ದೂರಿನ ಪತ್ರಕ್ಕೆ ಅವರು ತಮ್ಮ ರಕ್ತದಿಂದಲೇ ಗುರುತು ಹಾಕಿದರು. ಅದೇ ವರ್ಷ ಆಗಸ್ಟಿನಲ್ಲಿ ಸಾರ್ವಜನಿಕ ಭೂಮಿಯ ಹಂಚಿಕೆಯನ್ನು ರಾಷ್ಟ್ರಾಧ್ಯಕ್ಷರು ನಿಷೇಧಿಸಿದರು. ಕರೂರ ಅರಣ್ಯ ಉಳಿಯಿತು. ಹೊಡೆದವರಿಗೆ ಪ್ರತಿಯಾಗಿ ಕೈಯೆತ್ತದೆ, ಸಸಿ ಮತ್ತು ನೀರಿನ ಪಾತ್ರೆಗಳೊಡನೆ ಮತ್ತೆ ಮತ್ತೆ ಅಲ್ಲಿಗೆ ಹೋದುದೇ ಅವರ ಹೋರಾಟದ ರೀತಿ.

2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ದೊರೆಯಿತು. ಅದನ್ನು ಪಡೆದ ಆಫ್ರಿಕಾದ ಮೊದಲ ಮಹಿಳೆ ಅವರೇ. ಚಳವಳಿಯು ನೆಟ್ಟ ಮರಗಳ ಸಂಖ್ಯೆ ಆ ವೇಳೆಗೆ 3 ಕೋಟಿಯಷ್ಟಾಗಿತ್ತು. ಗಿಡ ನೆಡುವುದಕ್ಕೂ ಶಾಂತಿಗೂ ಏನು ಸಂಬಂಧವೆಂದು ಕೆಲವರು ಅಚ್ಚರಿಪಟ್ಟರು. ನೀರಿಗಾಗಿ, ಮೇವಿಗಾಗಿ, ಅಂಗೈಯಗಲ ನೆಲಕ್ಕಾಗಿ ನೆರೆಹೊರೆಯವರು ಕಾದಾಡುವುದನ್ನು ಕಂಡವರಿಗೆ ಆ ಸಂಬಂಧವನ್ನು ವಿವರಿಸಬೇಕಾಗಿಲ್ಲ.

2011ರ ಸೆಪ್ಟೆಂಬರ್ 25ರಂದು ವಂಗಾರಿಯವರು ತೀರಿಕೊಂಡರು. ತಮ್ಮ ದೇಹಕ್ಕಾಗಿ ಮರದ ಪೆಟ್ಟಿಗೆ ಬೇಡವೆಂಬುದು ಅವರ ಇಚ್ಛೆಯಾಗಿತ್ತು. ಅದರಂತೆ ಬಿದಿರು, ಜೊಂಡು ಮತ್ತು ಕೆರೆಗಳಲ್ಲಿ ಕಳೆಯಾಗಿ ಹಬ್ಬುವ ಅಂತರಗಂಗೆಯ ನಾರಿನಿಂದ ಹೆಣೆದ ಪೆಟ್ಟಿಗೆಯಲ್ಲಿರಿಸಿ ಅಗ್ನಿಸಂಸ್ಕಾರ ಮಾಡಲಾಯಿತು.

ವ್ರತವನ್ನು ಹಿಡಿದ ದಿನದ ಸಂಭ್ರಮಕ್ಕಿಂತ ಅದನ್ನು ಪಾಲಿಸಿದ ದಿನಗಳೇ ಶ್ರಾವಕನ ನಿಜವಾದ ಗಳಿಕೆಯೆಂಬುದು ಹಿರಿಯರು ಕಲಿಸಿದ ಪಾಠ. ಸಸಿಗೂ ಅದು ಅನ್ವಯಿಸುತ್ತದೆ. ಬಸದಿಯ ಆವರಣದಲ್ಲಿಯೋ ಪಾಠಶಾಲೆಯ ಅಂಗಳದಲ್ಲಿಯೋ ಗಿಡ ನೆಡುವ ವಿಶ್ವಸ್ತ ಮಂಡಳಿಗಳು ತಮ್ಮ ವಾರ್ಷಿಕ ವರದಿಯಲ್ಲಿ ಎರಡು ಸಾಲುಗಳನ್ನು ಬರೆಯಬಹುದು: ಕಳೆದ ವರ್ಷ ನೆಟ್ಟವು ಎಷ್ಟು, ಈ ವರ್ಷ ಉಳಿದವು ಎಷ್ಟು. ನೀರೆರೆದವರ ಹೆಸರನ್ನು ಅದರ ಕೆಳಗೆ ಬರೆಯಬಹುದು. ನೆಡುವವರ ಸಂಖ್ಯೆ ಅದರಿಂದ ಕಡಮೆಯಾದೀತು. ಗಿಡಗಳ ಸಂಖ್ಯೆ ಹೆಚ್ಚೀತು.